ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು (ಯುಸಿಐ) ಜಗತ್ತಿನ ಸೈಕಲ್ ಸ್ಪರ್ಧೆಗಳನ್ನು ನಿಯಂತ್ರಿಸುವ ಸಂಸ್ಥೆಯಾಗಿದೆ. ಇದು 1900ರ ಏಪ್ರಿಲ್ 14ರಂದು ಪ್ಯಾರಿಸಿನಲ್ಲಿ ಸ್ಥಾಪನೆಯಾಯಿತು. ಇದರ ಕೇಂದ್ರ ಕಚೇರಿ ಸ್ವಿಟ್ಜರ್ಲೆಂಡಿನ ಎಗ್ಲ್ ಪಟ್ಟಣದಲ್ಲಿದೆ. ರಸ್ತೆ, ಟ್ರ್ಯಾಕ್, ಮೌಂಟನ್ ಬೈಕ್, ಬಿಎಂಎಕ್ಸ್ ಮೊದಲಾದ ವಿಭಾಗಗಳ ನಿಯಮ ರಚನೆ ಮತ್ತು ವಿಶ್ವ ಚಾಂಪಿಯನ್‌ಶಿಪ್‌ಗಳು ಇದರ ಹೊಣೆ.

ಇತಿಹಾಸ

ಒಕ್ಕೂಟ ಹುಟ್ಟಿದ್ದೇ ಪ್ರಾತಿನಿಧ್ಯದ ಜಗಳದಿಂದ. ಇದಕ್ಕೂ ಮೊದಲು, 1892ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸೈಕ್ಲಿಸ್ಟರ ಸಂಘವಿತ್ತು. ಬ್ರಿಟನ್ ಒಂದೇ ತಂಡವಾಗಿ ಬರಬೇಕೋ, ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳು ಬೇರೆ ಬೇರೆಯಾಗಿ ಬರಬೇಕೋ ಎಂಬ ವಿವಾದ ಅಲ್ಲಿ ಬಗೆಹರಿಯಲಿಲ್ಲ. ಆಗ ಫ್ರಾನ್ಸ್, ಬೆಲ್ಜಿಯಂ, ಇಟಲಿ, ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕದ ಸಂಸ್ಥೆಗಳು ಸೇರಿ ಹೊಸ ಒಕ್ಕೂಟವನ್ನು ಕಟ್ಟಿದವು. ಬ್ರಿಟನ್ ಆರಂಭದಲ್ಲಿ ಹೊರಗುಳಿಯಿತು.

1965ರಲ್ಲಿ ಒಲಿಂಪಿಕ್ ಸಮಿತಿಯ ಒತ್ತಡದಿಂದ ಹವ್ಯಾಸಿಗಳಿಗೆ ರೋಮಿನಲ್ಲಿ, ವೃತ್ತಿಪರರಿಗೆ ಲಕ್ಸೆಂಬರ್ಗಿನಲ್ಲಿ ಎರಡು ಉಪಸಂಸ್ಥೆಗಳು ರೂಪುಗೊಂಡವು. 1992ರಲ್ಲಿ ಇವು ಮತ್ತೆ ಒಂದಾದವು.

ಸದಸ್ಯತ್ವ

ಇದರ ಸದಸ್ಯರು ವ್ಯಕ್ತಿಗಳಲ್ಲ, ರಾಷ್ಟ್ರೀಯ ಸಂಸ್ಥೆಗಳು. ಒಂದು ದೇಶಕ್ಕೆ ಒಂದೇ ಸಂಸ್ಥೆ. ಭಾರತದಿಂದ ಭಾರತೀಯ ಸೈಕ್ಲಿಂಗ್ ಒಕ್ಕೂಟವು ಸದಸ್ಯನಾಗಿದೆ. ಸೈಕ್ಲಿಂಗ್‌ಗೆ ಹೆಸರಾದ ವಿಜಯಪುರ ಅಥವಾ ಬಾಗಲಕೋಟೆ ಜಿಲ್ಲೆಯ ಸವಾರನೊಬ್ಬ ವಿದೇಶದ ಮಾನ್ಯ ಸ್ಪರ್ಧೆಗೆ ಇಳಿಯಬೇಕಾದರೆ ಈ ರಾಷ್ಟ್ರೀಯ ಸಂಸ್ಥೆಯ ಪರವಾನಗಿ ಬೇಕು. ಸವಾರನಿಗೆ ಎಗ್ಲ್‌ನೊಂದಿಗೆ ನೇರ ವ್ಯವಹಾರವಿಲ್ಲ. ರಾಷ್ಟ್ರೀಯ ಸಂಸ್ಥೆಯ ಮಾನ್ಯತೆ ಅಮಾನತಾದರೆ ಅದರ ಪೆಟ್ಟು ತಗಲುವುದು ಮಾತ್ರ ಸವಾರನಿಗೇ.

ಮಹಾಸಭೆ ಮತ್ತು ಮತದಾನ

ಪರಮಾಧಿಕಾರ ವಾರ್ಷಿಕ ಮಹಾಸಭೆಯದು. ಸಾಮಾನ್ಯವಾಗಿ ಇದು ರಸ್ತೆ ವಿಶ್ವ ಚಾಂಪಿಯನ್‌ಶಿಪ್ ನಡೆಯುವ ಊರಿನಲ್ಲೇ ಸೇರುತ್ತದೆ. ಎಲ್ಲ ಸದಸ್ಯ ದೇಶಗಳೂ ಸಭೆಗೆ ಬರಬಹುದಾದರೂ ಅಧ್ಯಕ್ಷರ ಆಯ್ಕೆಯಲ್ಲಿ ಮತ ಚಲಾಯಿಸುವವರು ಐದು ಖಂಡೀಯ ಒಕ್ಕೂಟಗಳು ಆರಿಸಿ ಕಳುಹಿಸುವ 45 ಪ್ರತಿನಿಧಿಗಳು ಮಾತ್ರ: ಯುರೋಪಿಗೆ 15, ಏಷ್ಯಾ, ಆಫ್ರಿಕಾ ಮತ್ತು ಅಮೆರಿಕಗಳಿಗೆ ತಲಾ 9, ಓಷಿಯಾನಿಯಾಕ್ಕೆ 3. ಜಗತ್ತಿನ ಅರ್ಧಕ್ಕೂ ಹೆಚ್ಚು ಜನರಿರುವ ಏಷ್ಯಾದ ಪಾಲು ಐದರಲ್ಲೊಂದು, ಯುರೋಪಿನದು ಮೂರರಲ್ಲೊಂದು. 1900ರಿಂದ ಈವರೆಗಿನ ಅಧ್ಯಕ್ಷರೆಲ್ಲರೂ ಯುರೋಪಿನವರೇ ಎಂಬುದನ್ನು ಇದರೊಡನೆ ಇಟ್ಟು ನೋಡಬೇಕು.

ಅಧ್ಯಕ್ಷರ ಅವಧಿ ನಾಲ್ಕು ವರ್ಷ. ಮಹಾಸಭೆಯು ಆರಿಸುವ ಸದಸ್ಯರೊಂದಿಗೆ ಖಂಡೀಯ ಒಕ್ಕೂಟಗಳ ಅಧ್ಯಕ್ಷರೂ ಪದನಿಮಿತ್ತವಾಗಿ ಆಡಳಿತ ಸಮಿತಿಯಲ್ಲಿರುತ್ತಾರೆ.

2013ರ ಚುನಾವಣೆ

ಉದ್ದೀಪನ ಮದ್ದು ಸೇವನೆಗಾಗಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ಏಳು ಟೂರ್ ಡಿ ಫ್ರಾನ್ಸ್ ಪ್ರಶಸ್ತಿಗಳು 2012ರಲ್ಲಿ ರದ್ದಾದ ಬಳಿಕ ಒಕ್ಕೂಟದ ಮೇಲಿನ ನಂಬಿಕೆ ಕುಸಿದಿತ್ತು. ಅಂದಿನ ಅಧ್ಯಕ್ಷ ಪ್ಯಾಟ್ ಮೆಕ್ವೇಡ್ ಅವರನ್ನು ನಾಮನಿರ್ದೇಶನ ಮಾಡಲು ಸ್ವದೇಶವಾದ ಐರ್ಲೆಂಡಿನ ಸಂಸ್ಥೆಯೇ ಒಪ್ಪಲಿಲ್ಲ. ಸ್ವಿಸ್ ಸಂಸ್ಥೆ ಮೊದಲು ಒಪ್ಪಿ, ಬಳಿಕ ಹಿಂದೆ ಸರಿಯಿತು. ಥಾಯ್ಲೆಂಡ್ ಮತ್ತು ಮೊರಾಕ್ಕೊ ಸಂಸ್ಥೆಗಳು ಅವರ ಹೆಸರನ್ನು ಸೂಚಿಸಿದಾಗ, ಅದು ನಿಯಮಬದ್ಧವೇ ಎಂಬ ವಾದ ಫ್ಲಾರೆನ್ಸಿನ ಮಹಾಸಭೆಯಲ್ಲಿ ಗಂಟೆಗಟ್ಟಲೆ ನಡೆಯಿತು. ಕೊನೆಗೆ ಪ್ರತಿಸ್ಪರ್ಧಿ ಬ್ರಯಾನ್ ಕುಕ್ಸನ್ ಅವರೇ ವಾದ ಸಾಕು, ನೇರವಾಗಿ ಮತಕ್ಕೆ ಹಾಕೋಣವೆಂದು ಸೂಚಿಸಿ, 24–18ರಿಂದ ಗೆದ್ದರು. ಆಗ ಪ್ರತಿನಿಧಿಗಳ ಸಂಖ್ಯೆ 42 ಇತ್ತು. ನಾಲ್ಕು ವರ್ಷಗಳ ನಂತರ ಕುಕ್ಸನ್ ಅವರು ಫ್ರಾನ್ಸಿನ ದಾವಿದ್ ಲಪಾರ್ತಿಯಾಂ ಅವರೆದುರು 37–8ರಿಂದ ಸೋತರು. ಲಪಾರ್ತಿಯಾಂ 2021ರಲ್ಲಿಯೂ 2025ರಲ್ಲಿಯೂ ಅವಿರೋಧವಾಗಿ ಮರು ಆಯ್ಕೆಯಾದರು.