ಗಿಣಿ ಗೂಡಿಗೆ ಸತು ಬಂದ ಕಥೆ

ಸಂತೆ, ಜಾತ್ರೆಗಳಲ್ಲಿ 'ಲವ್ ಬರ್ಡ್ಸ್' ಅಂತ ಜೋಡಿ ಲೆಕ್ಕದಲ್ಲಿ ಮಾರುವ ಹಸಿರು, ನೀಲಿ, ಹಳದಿ ಹಕ್ಕಿಗಳಿವೆಯಲ್ಲ, ಅವುಗಳಲ್ಲಿ ಹೆಚ್ಚಿನವು ನಿಜವಾದ ಲವ್ ಬರ್ಡ್ ಅಲ್ಲ. ಅವು ಬಜರಿಗಾರ್, ಆಸ್ಟ್ರೇಲಿಯಾದ ಒಣ ಬಯಲಿನ ಪುಟ್ಟ ಗಿಣಿಗಳು. ಈಗ ಹಳ್ಳಿಗಳಲ್ಲೂ ಹುಡುಗರು ಇವನ್ನು ಸಾಕಿ ಮರಿ ಮಾಡಿಸಿ ಮಾರುತ್ತಾರೆ. ಹಕ್ಕಿ ತಂದವರು ಮೊದಲು ಹೋಗುವುದು ಹಾರ್ಡ್‌ವೇರ್ ಅಂಗಡಿಗೆ. ನಾಲ್ಕು ಮೀಟರ್ ಜಿಐ ಜಾಲರಿ, ಒಂದಿಷ್ಟು ತಂತಿ, ಎರಡು ಕೊಂಡಿ, ತೂಗುಹಾಕಲು ಚೈನು. ಹೊಸ ಗೂಡು ಬೆಳ್ಳಿಯ ಹಾಗೆ ಹೊಳೆಯುತ್ತದೆ.

ಕೆಲವೊಮ್ಮೆ ಕೆಲವೇ ವಾರಗಳಲ್ಲಿ ಹಕ್ಕಿ ಮಂಕಾಗುತ್ತದೆ. ರೆಕ್ಕೆ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂರುತ್ತದೆ, ಹಿಕ್ಕೆ ನೀರಾಗುತ್ತದೆ, ಒಂದು ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಬಿಸಿಲು ಜಾಸ್ತಿಯಾಯಿತು, ಥಂಡಿ ಹಿಡಿಯಿತು, ದೃಷ್ಟಿ ತಾಗಿತು ಅಂತ ಏನೋ ಒಂದು ಹೇಳಿಕೊಳ್ಳುತ್ತೇವೆ. ಹೊಳೆಯುವ ಗೂಡಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಆ ಹೊಳಪು ಸತುವಿನದು. ಜಿಐ ಅಂದರೆ ಗ್ಯಾಲ್ವನೈಸ್ಡ್ ಐರನ್, ಸತುವಿನ ಲೇಪ ಕೊಟ್ಟ ಕಬ್ಬಿಣ.

ಸತು ನಮಗೆ ಹೊಸದೇನಲ್ಲ. ಬೀದರಿನ ಬಿದರಿ ಹೂಜಿ, ತಟ್ಟೆಗಳ ಕಪ್ಪು ಲೋಹದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಸತುವೇ, ಉಳಿದದ್ದು ತಾಮ್ರ. ಅದಿರಿನಿಂದ ಸತು ತೆಗೆಯುವುದು ಸುಲಭದ ಕೆಲಸವಲ್ಲ. 907 ಡಿಗ್ರಿಗೆ ಅದು ಕುದಿದು ಆವಿಯಾಗಿಬಿಡುತ್ತದೆ, ಗಾಳಿ ತಾಗಿದರೆ ಬಿಳಿ ಬೂದಿ. ರಾಜಸ್ಥಾನದ ಉದಯಪುರದ ಬಳಿಯ ಜಾವರ್‌ನಲ್ಲಿ ಮಧ್ಯಯುಗದಲ್ಲೇ ಜನ ಇದಕ್ಕೆ ಉಪಾಯ ಕಂಡುಕೊಂಡಿದ್ದರು. ಬದನೆಕಾಯಿ ಆಕಾರದ ಮಣ್ಣಿನ ಮೂಸೆಗಳನ್ನು ತಲೆಕೆಳಗಾಗಿ ಕುಲುಮೆಯಲ್ಲಿಟ್ಟು, ಆವಿ ಕೆಳಗಿಳಿದು ತಣ್ಣಗಾಗಿ ಗಟ್ಟಿಯಾಗುವಂತೆ ಮಾಡುತ್ತಿದ್ದರು. ಇಂಗ್ಲೆಂಡಿನ ವಿಲಿಯಂ ಚಾಂಪಿಯನ್ ಸತು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ.

ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿದರೆ ತುಕ್ಕು ಹಿಡಿಯುವುದಿಲ್ಲ ಎಂದು 1742ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಹೇಳಿದವನು ಮಲುವಾಂ. ಅದನ್ನು ಕಾರ್ಖಾನೆಗೆ ಒಗ್ಗುವಂತೆ ಮಾಡಿ 1837ರಲ್ಲಿ ಪೇಟೆಂಟ್ ಪಡೆದವನು ಸೊರೆಲ್ ಎಂಬ ಇನ್ನೊಬ್ಬ ಫ್ರೆಂಚ್ ಎಂಜಿನಿಯರ್. ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುವುದನ್ನು ತೋರಿಸಿದ ಇಟಲಿಯ ಗಾಲ್ವಾನಿಯ ಹೆಸರನ್ನೇ ಇದಕ್ಕೂ ಇಟ್ಟರು. ಇದರ ಜಾಣತನ ಏನೆಂದರೆ, ಸತು ಬರೀ ಹೊದಿಕೆಯಲ್ಲ. ಎಲ್ಲಾದರೂ ಗೀರು ಬಿದ್ದು ಕಬ್ಬಿಣ ಕಂಡರೂ ಮೊದಲು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ನಮ್ಮ ತಗಡಿನ ಮಾಡು, ಬೇಲಿ ತಂತಿ, ನೀರಿನ ಬಕೆಟ್ಟು ಎಲ್ಲ ಬಾಳುವುದು ಇದರಿಂದಲೇ. ಸವೆಯುವುದೇ ಸತುವಿನ ಕೆಲಸ. ಗಿಣಿಗೆ ಅಪಾಯವೂ ಅಲ್ಲೇ ಇದೆ.

ಇನ್ನು ಜಾಲರಿ. 1844ರಲ್ಲಿ ಇಂಗ್ಲೆಂಡಿನ ನಾರಿಚ್ ಪಟ್ಟಣದ ಚಾರ್ಲ್ಸ್ ಬರ್ನಾರ್ಡ್ ಎಂಬಾತ ಬಟ್ಟೆ ನೇಯುವ ಯಂತ್ರವನ್ನು ನೋಡಿ, ಅದೇ ರೀತಿಯಲ್ಲಿ ತಂತಿ ಹೆಣೆಯುವ ಯಂತ್ರ ಮಾಡಿದ. ನಾವು ಕೋಳಿ ಜಾಲರಿ ಅನ್ನುವ ಆರು ಮೂಲೆಯ ಕಣ್ಣಿನ ಬಲೆ ಹುಟ್ಟಿದ್ದು ಹಾಗೆ. ಅದಕ್ಕೆ ನಾಲ್ಕು ವರ್ಷ ಮೊದಲು, 1840ರಲ್ಲಿ, ಹಕ್ಕಿಗಳ ಚಿತ್ರಪುಸ್ತಕಗಳಿಗೆ ಹೆಸರಾದ ಜಾನ್ ಗೌಲ್ಡ್ ಆಸ್ಟ್ರೇಲಿಯಾದಿಂದ ಹಿಂದಿರುಗುವಾಗ ಜೀವಂತ ಬಜರಿಗಾರ್‌ಗಳನ್ನು ಇಂಗ್ಲೆಂಡಿಗೆ ಒಯ್ದಿದ್ದ. ಹಕ್ಕಿ ಸುಲಭವಾಗಿ ಮರಿ ಮಾಡಿತು, ಯುರೋಪಿನ ಮನೆಮನೆಗೆ ಹೋಯಿತು. ಇತ್ತ ಜಾಲರಿ ಆಸ್ಟ್ರೇಲಿಯಾಕ್ಕೆ ಹೋಯಿತು, ಬೆಳೆ ತಿನ್ನುವ ಮೊಲಗಳನ್ನು ತಡೆಯುವ ಬೇಲಿಗೆ. ಮುಂದೆ ಇವೆರಡೂ ಒಂದೇ ಕಡೆ ಸೇರಿದವು. ಅಗ್ಗದ ಜಾಲರಿ ಸಿಕ್ಕಿದ್ದರಿಂದ ಹಿತ್ತಲಿನಲ್ಲಿ ದೊಡ್ಡ ಹಕ್ಕಿಮನೆ ಕಟ್ಟುವುದು ಸಾಮಾನ್ಯರಿಗೂ ಸಾಧ್ಯವಾಯಿತು.

ನೀವು ಕೇಳಬಹುದು, ನಮ್ಮ ಕೋಳಿಗಳು ಇದೇ ಜಾಲರಿಯೊಳಗೆ ವರ್ಷಗಟ್ಟಲೆ ಇರುತ್ತವಲ್ಲ, ಅವಕ್ಕೇನೂ ಆಗುವುದಿಲ್ಲವಲ್ಲ ಅಂತ. ವ್ಯತ್ಯಾಸ ಕೊಕ್ಕಿನಲ್ಲಿದೆ. ಕೋಳಿ ಜಾಲರಿಯನ್ನು ಕಚ್ಚಿ ಹತ್ತುವುದಿಲ್ಲ. ಗಿಣಿಗೆ ಕೊಕ್ಕು ಮೂರನೇ ಕಾಲು. ಕೊಕ್ಕಿನಿಂದ ತಂತಿ ಹಿಡಿದೇ ಮೇಲೆ ಏರುತ್ತದೆ, ಬೇಸರವಾದರೆ ಅದನ್ನೇ ಕೆರೆಯುತ್ತದೆ, ನಾಲಿಗೆಯಿಂದ ನೆಕ್ಕಿ ನೋಡುತ್ತದೆ. ಹೊಸ ಜಾಲರಿಯನ್ನು ಕೈಯಲ್ಲಿ ಹಿಡಿದು ನೋಡಿ. ತಂತಿ ಕೂಡುವಲ್ಲಿ ಸತು ಹನಿಗಟ್ಟಿರುತ್ತದೆ, ಕೆಲವು ಕಡೆ ಮುಳ್ಳಿನಂತೆ ಚಾಚಿರುತ್ತದೆ. ಗಿಣಿಗೆ ಅದು ಕಿತ್ತು ತಿನ್ನಬೇಕಾದ ಕಾಳಿನ ಹಾಗೆ ಕಾಣುತ್ತದೆ. ಮಳೆ, ತೇವ ತಾಗಿದ ಜಾಲರಿಯ ಮೇಲೆ ಬರುವ ಬಿಳಿ ಪುಡಿಯೂ ಸತುವೇ.

ಹೊಟ್ಟೆಯೊಳಗೆ ಏನಾಗುತ್ತದೆ ಅನ್ನುವುದು ನಮ್ಮ ಅಡುಗೆಮನೆಯವರಿಗೆ ಗೊತ್ತಿರುವ ವಿಷಯವೇ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ, ಹುಳಿ ಇಡುವುದಿಲ್ಲ, ಕಿಲುಬು ಬಿಡುತ್ತದೆ ಅಂತ. ಹುಳಿ ಲೋಹವನ್ನು ಕರಗಿಸುತ್ತದೆ. ಹಕ್ಕಿಯ ಜಠರದಲ್ಲಿ ಇರುವುದೂ ಗಟ್ಟಿ ಹುಳಿ. ಅದರ ಮುಂದೆ ಕಾಳು ಅರೆಯುವ ಗಟ್ಟಿ ಮಾಂಸದ ಚೀಲವಿದೆ. ಲೋಹದ ಚೂರು ಅಲ್ಲಿ ಸಿಕ್ಕಿಕೊಂಡು ದಿನಗಟ್ಟಲೆ ಅರೆಯುತ್ತ, ಕರಗುತ್ತ ಇರುತ್ತದೆ. ಸತು ರಕ್ತಕ್ಕೆ ಸೇರಿ ಮೇದೋಜೀರಕ ಗ್ರಂಥಿ, ಮೂತ್ರಪಿಂಡ, ಯಕೃತ್ತು ಕೆಡುತ್ತವೆ. ಮೂವತ್ತು ನಲವತ್ತು ಗ್ರಾಂ ತೂಗುವ ಹಕ್ಕಿಗೆ ಎಷ್ಟು ಬೇಕು? ನಮ್ಮ ಕಣ್ಣಿಗೆ ಚೂರೂ ಅನ್ನಿಸದಷ್ಟು ಸಾಕು.

ಹಕ್ಕಿ ಸಾಕುವವರು ಇದಕ್ಕೆ 'ಹೊಸ ತಂತಿ ರೋಗ' ಅಂತ ಹೆಸರಿಟ್ಟರು. ಹೊಸ ಗೂಡಿಗೆ ಬಿಟ್ಟ ಹಕ್ಕಿಗೆ ಬರುತ್ತದೆ ಅನ್ನುವುದು ಆ ಹೆಸರಿನಲ್ಲೇ ಇದೆ. ಆಸ್ಟ್ರೇಲಿಯಾದ ಪಶುವೈದ್ಯರು 1986ರಲ್ಲಿ ತಮ್ಮ ಪತ್ರಿಕೆಯಲ್ಲಿ ಇದನ್ನು ಸತುವಿನ ವಿಷ ಎಂದೇ ಬರೆದರು. ಜಿಐ ಜಾಲರಿಯ ಗೂಡಿನಿಂದ ಸಣ್ಣ ಗಿಣಿಗಳಿಗೆ ಆಗುವ ಅಪಾಯದ ಬಗ್ಗೆ ಅಮೆರಿಕದ ಪಶುವೈದ್ಯ ಪತ್ರಿಕೆಯಲ್ಲಿ 1992ರಲ್ಲಿ ಲೇಖನ ಬಂತು. ಲೆಕ್ಕ ಹಾಕಿ ನೋಡಿ: ಜಾಲರಿಯ ಯಂತ್ರ ಬಂದು ಆಗಲೇ ಸುಮಾರು ನೂರೈವತ್ತು ವರ್ಷ. ನನಗನ್ನಿಸುವುದು, ತಡವಾಗಲು ಒಂದು ಕಾರಣ ಬೆಲೆ. ಹತ್ತು ರೂಪಾಯಿಯ ಹಕ್ಕಿ ಸತ್ತರೆ ಯಾರು ಹೊಟ್ಟೆ ಕೊಯ್ದು ನೋಡುತ್ತಾರೆ?

ಪರಿಹಾರ ಮಾತ್ರ ಅಷ್ಟರಲ್ಲಾಗಲೇ ಹುಟ್ಟಿತ್ತು, ಬೇರೆ ಕೆಲಸಕ್ಕೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಬೇಗ ಸವೆಯದ ಉಕ್ಕು ಹುಡುಕುತ್ತ, ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕು ಮಾಡಿದ. ನಮ್ಮ ತಟ್ಟೆ, ಲೋಟದ ಸ್ಟೀಲು ಅದರ ವಂಶದ್ದೇ. ಇಲ್ಲಿ ಲೇಪವೇ ಇಲ್ಲ, ಒಳಗೂ ಹೊರಗೂ ಒಂದೇ ಲೋಹ. ಕೆರೆದರೆ ಉದುರುವಂಥದ್ದು ಏನೂ ಇಲ್ಲ.

ಹಾಗಾದರೆ ಅಂಗಡಿಯಲ್ಲಿ ಏನು ಕೇಳಬೇಕು? ಎಸ್‌ಎಸ್ 304 ಅಂತ ಕೇಳಿ. ಅದರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. 202 ಅನ್ನುವುದು ಅಗ್ಗ, ಬೇಗ ಕಲೆಗಟ್ಟುತ್ತದೆ, ಆದರೆ ಸತುವಿನ ಭಯ ಅದರಲ್ಲೂ ಇಲ್ಲ. ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. 'ಸ್ಟೀಲೇ ಅಣ್ಣಾ' ಅಂತ ಕೊಟ್ಟ ಚೈನು ಅದಕ್ಕೆ ಗಪ್ಪನೆ ಅಂಟಿದರೆ ಬಹುಮಟ್ಟಿಗೆ ಅದು ಲೇಪದ ಕಬ್ಬಿಣ. ಒಳ್ಳೆಯ 304 ಅಂಟುವುದೇ ಇಲ್ಲ, ಅಂಟಿದರೂ ತೀರಾ ಮೆಲ್ಲಗೆ. ಅಯಸ್ಕಾಂತ 304ನ್ನೂ 202ನ್ನೂ ಬೇರೆ ಮಾಡಿ ತೋರಿಸುವುದಿಲ್ಲ ಅನ್ನುವುದೂ ನೆನಪಿರಲಿ.

ಇಡೀ ಗೂಡು ಸ್ಟೀಲಿನದ್ದೇ ಮಾಡಲು ದುಡ್ಡು ಸಾಲುವುದಿಲ್ಲ ಅನ್ನುವುದು ನಿಜ. ಆಗ ಕೊಕ್ಕು ಹೆಚ್ಚು ತಾಗುವ ಕಡೆ ಮೊದಲು ಖರ್ಚು ಮಾಡಿ. ಕೂರುವ ಕೊಂಬೆಯ ಬೋಲ್ಟು, ನಟ್ಟು, ವಾಷರು, ಉಯ್ಯಾಲೆಯ ಚೈನು, ಬಟ್ಟಲು ತೂಗುವ ಕೊಂಡಿ, ಬಾಗಿಲ ಚಿಲಕ. ಇವೆಲ್ಲ ಗಿಣಿ ದಿನವಿಡೀ ಕೂತು ಆಡುವ ಜಾಗದಲ್ಲೇ ಇರುತ್ತವೆ, ಒಂದು ಗೂಡಿಗೆ ಬೇಕಾಗುವುದೂ ಕೆಲವೇ. ಸೀಬೆ ಅಥವಾ ಬೇವಿನ ಕೊಂಬೆ ಕಡಿದು, ತುದಿಗೆ ತೂತು ಕೊರೆದು ಸ್ಟೀಲ್ ಬೋಲ್ಟ್ ಹಾಕಿದರೆ ಕೂರುವ ಕೋಲು ತಯಾರು. ಹಿತ್ತಾಳೆ ಕೊಂಡಿ ಬೇಡ, ಅದರಲ್ಲಿ ತಾಮ್ರದ ಜೊತೆ ಸತುವೂ ಇದೆ. ಹಳೇ ಪಂಜರಗಳ ಬೆಸುಗೆಯಲ್ಲಿ ಸೀಸ ಇರಬಹುದು, ಅದು ಸತುವಿಗಿಂತ ಕೆಟ್ಟದ್ದು. ಹಳೇ ಬಣ್ಣದಲ್ಲೂ ಸೀಸ ಇರಬಹುದು. ಮನೆಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ.

ಜಿಐ ಜಾಲರಿಯನ್ನೇ ಹಾಕುವುದಾದರೆ ಹನಿ, ಮುಳ್ಳುಗಳನ್ನು ಅರದಿಂದ ಉಜ್ಜಿ ತೆಗೆದು, ವಿನೆಗರ್ ಹಚ್ಚಿ ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ತೊಳೆದು ಒಣಗಿಸಬೇಕು. ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಒಂದು ಮಾತು ಮಧ್ಯೆ ಹೇಳಬೇಕು. ಇದೆಲ್ಲ ಬಜರಿಗಾರ್, ಕಾಕಟೀಲ್‌ನಂಥ ಹೊರದೇಶದ ಹಕ್ಕಿಗಳ ಮಾತು. ನಮ್ಮ ಹೊಲದ, ಕೊರಳಿಗೆ ಕೆಂಪು ಪಟ್ಟಿಯ ಹಸಿರು ಗಿಣಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಗೂಡು ಯಾವ ಲೋಹದ್ದಾದರೂ ಸರಿ.

ಹಕ್ಕಿ ಈಗಾಗಲೇ ಮಂಕಾಗಿದ್ದರೆ ಮನೆಮದ್ದು ಮಾಡುತ್ತ ದಿನ ಕಳೆಯಬೇಡಿ. ಎಕ್ಸ್‌ರೇ ಇರುವ ಪಶು ಆಸ್ಪತ್ರೆಗೆ ಒಯ್ಯಿರಿ. ಲೋಹದ ಚೂರು ಇದ್ದರೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಪುಡಿಯಾದರೆ ಕಾಣದೆಯೂ ಇರಬಹುದು, ಆಗ ರಕ್ತ ಪರೀಕ್ಷೆ ಬೇಕಾಗುತ್ತದೆ. ರಕ್ತದಲ್ಲಿನ ಲೋಹವನ್ನು ಹಿಡಿದು ಹೊರಹಾಕುವ ಇಂಜೆಕ್ಷನ್ ಇದೆ, ಬೇಗ ಕೊಟ್ಟರೆ ಹಕ್ಕಿ ಉಳಿಯಬಹುದು. ಡಾಕ್ಟರಿಗೆ ಹಕ್ಕಿ ಏನು ತಿಂದಿತು ಅಂತ ಹೇಳುವ ಮೊದಲು ಗೂಡು ಯಾವಾಗ ಕಟ್ಟಿದ್ದು, ಯಾವ ತಂತಿ ಹಾಕಿದ್ದು ಅಂತ ಹೇಳಿ. ಸಾಧ್ಯವಾದರೆ ಅದರ ಒಂದು ತುಂಡು ಕತ್ತರಿಸಿ ಜೊತೆಗೆ ಒಯ್ಯಿರಿ.