ಹೃದ್ರೋಗದ ಔಷಧಿ ನೀಡುವ ಮುನ್ನ ನಾಡಿಮಿಡಿತದ ಪರೀಕ್ಷೆ

ಹೃದಯದ ಮೇಲಿನ ಕೋಣೆಗಳು ಕ್ರಮತಪ್ಪಿ ಕಂಪಿಸುವ ಸ್ಥಿತಿಯಲ್ಲಿಯೂ ಕೆಲವು ಬಗೆಯ ಹೃದಯ ವೈಫಲ್ಯದಲ್ಲಿಯೂ ವೈದ್ಯರು ಡಿಜಾಕ್ಸಿನ್ ಎಂಬ ಔಷಧಿಯನ್ನು ಸೂಚಿಸುತ್ತಾರೆ. ಡಿಜಿಟಾಲಿಸ್ ಜಾತಿಯ ಸಸ್ಯದಿಂದ ದೊರೆಯುವ ಈ ಔಷಧಿಯು ಹೃದಯದ ಸಂಕೋಚನ ಶಕ್ತಿಯನ್ನು ಹೆಚ್ಚಿಸಿ, ಬಡಿತದ ವೇಗವನ್ನು ತಗ್ಗಿಸುತ್ತದೆ. ಈ ಜಾತಿಯ ಸಸ್ಯದ ಗುಣವನ್ನು 1785ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್, ಪ್ರಮಾಣ ಮೀರಿದರೆ ವಾಂತಿಯಾಗುವುದನ್ನೂ ನಾಡಿ ನಿಧಾನವಾಗುವುದನ್ನೂ ದಾಖಲಿಸಿದ್ದಾರೆ.

ಪರೀಕ್ಷೆ ಏಕೆ ಅವಶ್ಯಕ?

ಡಿಜಾಕ್ಸಿನ್‌ನಲ್ಲಿ ಗುಣಕಾರಿ ಪ್ರಮಾಣಕ್ಕೂ ವಿಷಕಾರಿ ಪ್ರಮಾಣಕ್ಕೂ ಇರುವ ಅಂತರ ಅತ್ಯಲ್ಪ. ಔಷಧಿಯು ಮುಖ್ಯವಾಗಿ ಮೂತ್ರಪಿಂಡಗಳ ಮೂಲಕ ವಿಸರ್ಜನೆಯಾಗುವುದರಿಂದ, ವೃದ್ಧರಲ್ಲಿ ಹಾಗೂ ಮೂತ್ರಪಿಂಡದ ತೊಂದರೆಯುಳ್ಳವರಲ್ಲಿ ಅದು ದೇಹದಲ್ಲಿಯೇ ಶೇಖರವಾಗಬಹುದು. ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ ರಕ್ತದಲ್ಲಿ ಪೊಟ್ಯಾಸಿಯಂ ಅಂಶ ಕುಗ್ಗಿದಾಗ ಅಪಾಯವು ಇನ್ನಷ್ಟು ಹೆಚ್ಚುತ್ತದೆ.

ಪರೀಕ್ಷಿಸುವ ವಿಧಾನ

1. ರೋಗಿಯು ಕನಿಷ್ಠ 5 ನಿಮಿಷ ವಿಶ್ರಾಂತಿ ಪಡೆದಿರಬೇಕು.
2. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕಡೆಗೆ ತೋರುಬೆರಳು ಮತ್ತು ಮಧ್ಯದ ಬೆರಳನ್ನಿರಿಸಿ ಮಿಡಿತ ಎಣಿಸಬೇಕು. ಹೆಬ್ಬೆರಳನ್ನು ಬಳಸಬಾರದು, ಅದರದೇ ಮಿಡಿತವು ಎಣಿಕೆಯನ್ನು ತಪ್ಪಿಸಬಹುದು.
3. ಪೂರ್ಣ 1 ನಿಮಿಷ ಎಣಿಸಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಬಡಿತದ ಏರುಪೇರು ತಿಳಿಯುವುದಿಲ್ಲ.
4. ಬಡಿತ ಕ್ರಮತಪ್ಪಿದವರಲ್ಲಿ ಕೆಲವು ಬಡಿತಗಳು ಮಣಿಕಟ್ಟನ್ನು ತಲುಪುವುದಿಲ್ಲ. ಆದ್ದರಿಂದ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯರು ಸ್ಟೆತೊಸ್ಕೋಪಿನಿಂದ ಎದೆಯ ಮೇಲೆಯೇ ಆಲಿಸಿ ಎಣಿಸುತ್ತಾರೆ.
5. ದಿನಾಂಕ, ವೇಳೆ ಹಾಗೂ ಎಣಿಕೆಯನ್ನು ಪುಸ್ತಕದಲ್ಲಿ ಬರೆದಿಡಬೇಕು.

ಔಷಧಿಯನ್ನು ಯಾವಾಗ ನೀಡಬಾರದು?

ವಯಸ್ಕರಲ್ಲಿ ಮಿಡಿತವು ನಿಮಿಷಕ್ಕೆ 60ಕ್ಕಿಂತ ಕಡಿಮೆಯಿದ್ದರೆ ಆ ವೇಳೆಯ ಮಾತ್ರೆಯನ್ನು ತಡೆಹಿಡಿದು ವೈದ್ಯರಿಗೆ ತಿಳಿಸಬೇಕು. ಮಕ್ಕಳಲ್ಲಿ ಈ ಮಿತಿ ಸಾಮಾನ್ಯವಾಗಿ 70. ಶಿಶುಗಳಲ್ಲಿ 90 ರಿಂದ 110. ವೈದ್ಯರು ರೋಗಿಗೆ ಬೇರೆ ಮಿತಿಯನ್ನು ಸೂಚಿಸಿದ್ದಲ್ಲಿ ಅದನ್ನೇ ಪಾಲಿಸತಕ್ಕದ್ದು.

ಎಣಿಕೆ ಸರಿಯಿದ್ದರೂ ಹಸಿವಿಲ್ಲದಿರುವುದು, ವಾಕರಿಕೆ, ವಾಂತಿ, ಗೊಂದಲ, ವಸ್ತುಗಳು ಹಳದಿ ಅಥವಾ ಹಸಿರಾಗಿ ಕಾಣುವುದು ಇವು ವಿಷಲಕ್ಷಣಗಳಾಗಿರಬಹುದು. ವೃದ್ಧರ ಹಸಿವಿನ ಕೊರತೆಯನ್ನು ವಯಸ್ಸಿನ ಸಹಜ ದೋಷವೆಂದು ಕಡೆಗಣಿಸಬಾರದು.

ಇತರ ಔಷಧಿಗಳು

ಅಟೆನೊಲಾಲ್, ಮೆಟೊಪ್ರೊಲಾಲ್ ಮುಂತಾದವುಗಳನ್ನು ನೀಡುವ ಮುನ್ನ ನಾಡಿಮಿಡಿತದೊಂದಿಗೆ ರಕ್ತದೊತ್ತಡವನ್ನೂ ಅಳೆಯಬೇಕು. ಇವುಗಳನ್ನು ವೈದ್ಯರ ಸಲಹೆಯಿಲ್ಲದೆ ಹಠಾತ್ತನೆ ನಿಲ್ಲಿಸುವುದೂ ಅಪಾಯಕರ.

ಗಮನಿಸಿ: ತಪ್ಪಿದ ಮಾತ್ರೆಗೆ ಪ್ರತಿಯಾಗಿ ಎರಡು ಮಾತ್ರೆಗಳನ್ನು ಒಟ್ಟಿಗೆ ನೀಡಬಾರದು. ರೋಗಿಯು ಪ್ರಜ್ಞೆ ತಪ್ಪಿದಲ್ಲಿ ಅಥವಾ ಮಿಡಿತವು ತೀರಾ ನಿಧಾನವಾದಲ್ಲಿ ಕೂಡಲೇ 108 ಸಂಖ್ಯೆಗೆ ಕರೆ ಮಾಡತಕ್ಕದ್ದು.