35ರ ಗೆರೆ: ತೂಕ, ಸಕ್ಕರೆ ಕಾಯಿಲೆ ಮತ್ತು ಒಂದು ಅಂಕಿಯ ಇತಿಹಾಸ



ಆರೋಗ್ಯದ ಗೋಷ್ಠಿಗೆ ಲೆಕ್ಕಪರಿಶೋಧಕನನ್ನು ಏಕೆ ಕರೆದರು ಎಂದು ಕೆಲವರಿಗೆ ಅನ್ನಿಸಿರಬಹುದು. ನಾನು ವೈದ್ಯನಲ್ಲ. ಆದರೆ ತೆರಿಗೆ ಲೆಕ್ಕದ ಕಾಲದಲ್ಲಿ ನಮ್ಮವರು ತರುವ ಕಾಗದಗಳ ನಡುವೆ ವಿಮೆಯ ಕಾಗದವೂ ಇರುತ್ತದೆ. ಈಚಿನ ವರ್ಷಗಳಲ್ಲಿ ಅದರ ಜತೆಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: "ಸಕ್ಕರೆ ಕಾಯಿಲೆ ಇದೆ, ತೂಕ ಇಳಿಯುತ್ತಿಲ್ಲ, ಡಾಕ್ಟರು ಹೊಟ್ಟೆಯ ಆಪರೇಷನ್ ಬಗ್ಗೆ ಹೇಳಿದರು. ವಿಮೆ ಕೊಡುತ್ತದೆಯೇ?" ಉತ್ತರ ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಒಂದು ಅಂಕಿ: 35. ಈ ಅಂಕಿ ಎಲ್ಲಿಂದ ಬಂತು, ಯಾರನ್ನು ಅಳೆದು ಬಂತು, ಇಷ್ಟು ದಿನ ಹೇಗೆ ಉಳಿಯಿತು ಎಂಬುದೇ ನನ್ನ ಇಂದಿನ ವಿಷಯ.

ದೇಹದ ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕವನ್ನು ಮೊದಲು ಮುಂದಿಟ್ಟವನು ಬೆಲ್ಜಿಯಂನ ಅಡಾಲ್ಫ್ ಕ್ವೆಟಲೆ, 1832ರಲ್ಲಿ. ಅವನು ವೈದ್ಯನಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರದವನು. ಅವನಿಗೆ ಬೇಕಿದ್ದದ್ದು "ಸರಾಸರಿ ಮನುಷ್ಯ", ರೋಗಿಯಲ್ಲ. ತೂಕಕ್ಕೆ ಬೆಲೆ ಕಟ್ಟಿದವರು ವಿಮಾ ಕಂಪನಿಗಳು. ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ಕಂಪನಿ 1942-43ರಲ್ಲಿ ತನ್ನ ಪಾಲಿಸಿದಾರರ ಆಯುಷ್ಯದ ದಾಖಲೆ ನೋಡಿ ಎತ್ತರಕ್ಕೆ ತಕ್ಕ ತೂಕದ ಪಟ್ಟಿ ಹೊರಡಿಸಿತು. ಎಷ್ಟೋ ಆಸ್ಪತ್ರೆಗಳ ಗೋಡೆಯ ಮೇಲೆ ದಶಕಗಳ ಕಾಲ ನೇತಾಡಿದ್ದು ಆ ಬಗೆಯ ಪಟ್ಟಿಗಳೇ. ಕ್ವೆಟಲೆಯ ಲೆಕ್ಕಕ್ಕೆ ಬಾಡಿ ಮಾಸ್ ಇಂಡೆಕ್ಸ್, ಅಂದರೆ ಬಿಎಂಐ, ಎಂಬ ಹೆಸರಿಟ್ಟದ್ದು 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಅವರ ಜತೆಗಾರರು. ಅವರು ಅಳೆದದ್ದು ಐದು ದೇಶಗಳ ಗಂಡಸರನ್ನು. ಆ ಐದರಲ್ಲಿ ಭಾರತ ಇರಲಿಲ್ಲ. ಹೆಂಗಸರು ಇರಲೇ ಇಲ್ಲ.

ಇನ್ನು ಆಪರೇಷನ್ನಿನ ಕಥೆ. 1954ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಕ್ರೆಮೆನ್, ಲಿನ್ನರ್ ಮತ್ತು ಸಂಗಡಿಗರು ಸಣ್ಣ ಕರುಳಿನ ಬಹುಭಾಗವನ್ನು ಬದಿಗೆ ಸರಿಸಿ ಜೋಡಿಸುವ ವಿಧಾನವನ್ನು ವರದಿ ಮಾಡಿದರು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ, ತೂಕ ಇಳಿಯುತ್ತಿತ್ತು. ಆದರೆ ಕಾಲಕ್ರಮದಲ್ಲಿ ಮೂತ್ರಪಿಂಡದ ಕಲ್ಲು, ಯಕೃತ್ತಿನ ವೈಫಲ್ಯ, ತೀವ್ರ ಪೋಷಕಾಂಶ ಕೊರತೆ ಕಾಣಿಸಿಕೊಂಡವು. 1980ರ ದಶಕದ ಹೊತ್ತಿಗೆ ಆ ವಿಧಾನವನ್ನು ಬಹುಪಾಲು ಕೈಬಿಡಲಾಯಿತು. ಈ ಚಿಕಿತ್ಸೆ ಎಂದರೆ ಇಂದಿಗೂ ನಮ್ಮ ಹಿರಿಯರು ಹೆದರುವುದಕ್ಕೆ ಇಂಥ ಹಳೆಯ ಅನುಭವವೂ ಒಂದು ಕಾರಣ. ಹೆದರಿಕೆ ಸುಳ್ಳಲ್ಲ, ಹಳೆಯದು ಅಷ್ಟೆ.

ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಬೇರೆ ದಾರಿ ಹಿಡಿದರು. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ತೂಕ ಕಳೆದುಕೊಳ್ಳುವುದನ್ನು ಕಂಡಿದ್ದ ಅವರು 1967ರಲ್ಲಿ ಇಟೊ ಅವರೊಡನೆ ಗ್ಯಾಸ್ಟ್ರಿಕ್ ಬೈಪಾಸ್ ಪ್ರಕಟಿಸಿದರು. 1994ರಲ್ಲಿ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಅದನ್ನೇ ಹೊಟ್ಟೆ ಸೀಳದೆ, ಸಣ್ಣ ರಂಧ್ರಗಳ ಮೂಲಕ ಮಾಡಿದ್ದನ್ನು ವರದಿ ಮಾಡಿದರು. ಆಮೇಲೆ ಬಂದದ್ದು ಸ್ಲೀವ್: ಜಠರದ ಬಹುಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯ ಆಕಾರದ ಕೊಳವೆಯಾಗಿ ಉಳಿಸುವುದು.

ಈ ಕಥೆಗೆ ತಿರುವು ಸಿಕ್ಕಿದ್ದು 1995ರಲ್ಲಿ. ನಾರ್ತ್ ಕೆರೊಲಿನಾದ ವಾಲ್ಟರ್ ಪೋರೀಸ್ ತಮ್ಮ 608 ಬೈಪಾಸ್ ರೋಗಿಗಳ 14 ವರ್ಷಗಳ ಲೆಕ್ಕ ಪ್ರಕಟಿಸಿದರು. ಅವರಲ್ಲಿ ಸಕ್ಕರೆ ಕಾಯಿಲೆಯಿದ್ದ 146 ಜನರ ಪೈಕಿ 121 ಜನರ ಸಕ್ಕರೆ ಮಟ್ಟ ಸಹಜಕ್ಕೆ ಬಂದಿತ್ತು. ಅದಕ್ಕಿಂತ ವಿಸ್ಮಯವೆಂದರೆ, ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಇಳಿಯುತ್ತಿತ್ತು. ಅಂದರೆ ಇದು ಬರೀ ಕಡಿಮೆ ಉಣ್ಣಿಸುವ ಆಪರೇಷನ್ ಅಲ್ಲ. ಕರುಳು ತಾನೇ ಹಾರ್ಮೋನು ಹೊರಡಿಸಿ ಇನ್ಸುಲಿನ್ನನ್ನು, ಹಸಿವನ್ನು ನಿಯಂತ್ರಿಸುತ್ತದೆ. ಇವತ್ತು ಎಲ್ಲರ ಬಾಯಲ್ಲಿರುವ ಓಜೆಂಪಿಕ್ ಬಗೆಯ ಚುಚ್ಚುಮದ್ದು ಅನುಕರಿಸುವುದೂ ಅಂಥ ಕರುಳಿನ ಹಾರ್ಮೋನನ್ನೇ.

ಆದರೆ ಗೆರೆ ಎಳೆದದ್ದು ಪೋರೀಸರ ಲೆಕ್ಕ ಪ್ರಕಟವಾಗುವ ನಾಲ್ಕು ವರ್ಷ ಮೊದಲು. 1991ರ ಮಾರ್ಚ್‌ನಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಹೀಗೆ ಹೇಳಿತು: ಬಿಎಂಐ 40 ದಾಟಿದವರಿಗೆ, ಅಥವಾ 35 ದಾಟಿದ್ದು ಜತೆಗೆ ತೂಕಕ್ಕೆ ಸಂಬಂಧಿಸಿದ ಗಂಭೀರ ಕಾಯಿಲೆ ಇರುವವರಿಗೆ ಈ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು. ಹೊಟ್ಟೆ ಸೀಳಿ ಮಾಡುತ್ತಿದ್ದ ಕಾಲಕ್ಕೆ, ಆಗ ಗೊತ್ತಿದ್ದಷ್ಟಕ್ಕೆ, ಅದು ಎಚ್ಚರದ ತೀರ್ಮಾನವೇ.

ಈಗ ನಮ್ಮ ಮೈಸೂರಿಗೆ ಬರೋಣ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಮೈಸೂರಿಗರು ಕರೆಯುವುದು ಮಿಷನ್ ಆಸ್ಪತ್ರೆ ಎಂದು. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟ ರಿಜಿಸ್ಟರುಗಳಿದ್ದವು. ಲೆಕ್ಕದ ಪುಸ್ತಕವನ್ನು ಎಸೆಯದೆ ಇಡುವುದರ ಬೆಲೆ ನನ್ನ ವೃತ್ತಿಯವರಿಗೆ ಗೊತ್ತು. ಇಲ್ಲಿ ಅದನ್ನು ಇಡೀ ಜಗತ್ತು ನೋಡಿತು. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರು ಮತ್ತು ಮೈಸೂರಿನ ವೈದ್ಯರು ಆ ರಿಜಿಸ್ಟರಿನಲ್ಲಿದ್ದವರನ್ನು ಹುಡುಕಿದರು. ಆಗ ಅವರು ನಲವತ್ತು, ಐವತ್ತು ದಾಟಿದ್ದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚಿರುವುದು 1996ರ ವರದಿಯಲ್ಲಿ ಕಂಡಿತು. ಹುಟ್ಟುವಾಗ ಗಿಡ್ಡಗೆ, ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿರುವುದು 1998ರ ವರದಿಯಲ್ಲಿ ಕಂಡಿತು. ನಮ್ಮ ಸಕ್ಕರೆಯ ಖಾತೆಯಲ್ಲಿ ಆರಂಭಿಕ ಶಿಲ್ಕು ಎಂಬುದೊಂದಿದೆ. ಅದು ನಮ್ಮ ನಾಲಿಗೆಯ ಚಪಲದಿಂದ ಬಂದದ್ದಲ್ಲ, ಹುಟ್ಟುವ ಮೊದಲೇ ಬರೆದದ್ದು.

ದಕ್ಷಿಣ ಏಷ್ಯಾದವರಿಗೆ ಅಷ್ಟೇ ಬಿಎಂಐನಲ್ಲಿ ಯುರೋಪಿನವರಿಗಿಂತ ಕೊಬ್ಬು ಹೆಚ್ಚು, ಅದರಲ್ಲೂ ಹೊಟ್ಟೆಯ ಸುತ್ತ ಹೆಚ್ಚು ಎಂಬುದು ಬೇರೆ ಅಧ್ಯಯನಗಳಿಂದಲೂ ಗಟ್ಟಿಯಾಯಿತು. 2002ರ ಜುಲೈನಲ್ಲಿ, ಇಲ್ಲಿಂದ ಬಸ್ಸಿನಲ್ಲಿ ಹೋಗಬಹುದಾದ ಸಿಂಗಪುರದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಭೆ ಸೇರಿತು. ಏಷ್ಯಾದವರಿಗೆ ಅಪಾಯ 23ರಿಂದ ಏರತೊಡಗುತ್ತದೆ, 27.5ರಿಂದ ಇನ್ನೂ ಹೆಚ್ಚುತ್ತದೆ ಎಂದು ಅದರ ವರದಿ 2004ರಲ್ಲಿ ಹೇಳಿತು. ಭಾರತದ ತಜ್ಞರು 2009ರಲ್ಲಿ 25 ದಾಟಿದರೆ ಬೊಜ್ಜು ಎಂದೇ ಪರಿಗಣಿಸಬೇಕೆಂದರು.

ಶಸ್ತ್ರಚಿಕಿತ್ಸೆಯ ಗೆರೆಯೂ ಸರಿಯಿತು. 2016ರಲ್ಲಿ 45 ವೈದ್ಯಕೀಯ ಸಂಘಟನೆಗಳ ಒಪ್ಪಿಗೆಯೊಂದಿಗೆ ಹೊರಬಂದ ಹೇಳಿಕೆಯ ಪ್ರಕಾರ, ಔಷಧಿಗೆ ಸಕ್ಕರೆ ಹಿಡಿತಕ್ಕೆ ಬರದಿದ್ದರೆ ಬಿಎಂಐ 30ರಿಂದಲೇ ಈ ಚಿಕಿತ್ಸೆಯನ್ನು ಪರಿಗಣಿಸಬಹುದು. ಏಷ್ಯಾದವರಿಗೆ ಪ್ರತಿ ಗೆರೆಯಿಂದಲೂ 2.5 ಕಳೆಯಬೇಕು. 2022ರಲ್ಲಿ ಈ ಕ್ಷೇತ್ರದ ಶಸ್ತ್ರವೈದ್ಯರ ಎರಡು ದೊಡ್ಡ ಸಂಘಗಳು 1991ರ ಗೆರೆ ಹಳತಾಯಿತೆಂದು ಹೇಳಿ, ಏಷ್ಯಾದವರಿಗೆ 27.5ರಿಂದಲೇ ಈ ಚಿಕಿತ್ಸೆ ಲಭ್ಯವಾಗಬೇಕೆಂದವು.

ಹಾಗಾದರೆ ವಿಮೆಯ ಕಾಗದದಲ್ಲಿ ಏನಿದೆ? ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ, ಯಾವ ಯಾವ ಖರ್ಚನ್ನು ಪಾಲಿಸಿಯಿಂದ ಹೊರಗಿಡಬಹುದು ಎಂಬುದನ್ನು ಏಕರೂಪಗೊಳಿಸಿತು. ಬೊಜ್ಜಿನ ಶಸ್ತ್ರಚಿಕಿತ್ಸೆಯ ಕಲಂ ಆರನೆಯ ಸಂಕೇತದಡಿ ಬರುತ್ತದೆ. ವೈದ್ಯರ ಸಲಹೆ ಇರಬೇಕು, ವಯಸ್ಸು 18 ತುಂಬಿರಬೇಕು, ಬಿಎಂಐ 40 ಇರಬೇಕು. ಇಲ್ಲವೇ 35 ಇದ್ದು, ಹೃದಯದ ಕಾಯಿಲೆ, ನಿದ್ರೆಯಲ್ಲಿ ಉಸಿರು ನಿಲ್ಲುವ ತೀವ್ರ ತೊಂದರೆ ಅಥವಾ ಹತೋಟಿಗೆ ಬಾರದ ಟೈಪ್ 2 ಸಕ್ಕರೆ ಕಾಯಿಲೆ ಇರಬೇಕು. ಅದಕ್ಕೆ ಮೊದಲು ಅನೇಕ ಪಾಲಿಸಿಗಳು ಈ ಚಿಕಿತ್ಸೆಯನ್ನು ಪೂರ್ತಿ ಹೊರಗಿಡುತ್ತಿದ್ದುದರಿಂದ ಇದು ಮುನ್ನಡೆಯೇ. ಆದರೆ ಅಂಕಿಗಳನ್ನು ಗಮನಿಸಿ. ಅವು ಬೆಥೆಸ್ಡಾದವು, ಸಿಂಗಪುರದವಲ್ಲ.

ಒಂದು ಲೆಕ್ಕ ಹಾಕೋಣ. 170 ಸೆಂಟಿಮೀಟರ್ ಎತ್ತರ, 90 ಕಿಲೊ ತೂಕ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರುವವರನ್ನು ಊಹಿಸಿಕೊಳ್ಳಿ. ನಮ್ಮ ಸಭೆಯಲ್ಲಿ ಇಂಥ ಮೈಕಟ್ಟು ಅಪರೂಪವಲ್ಲ. ಅವರ ಬಿಎಂಐ 31.1. ಔಷಧಿಗೆ ಸಕ್ಕರೆ ಬಗ್ಗದಿದ್ದರೆ 2016ರ ಹೇಳಿಕೆಯಂತೆ ಆಪರೇಷನ್ ಪರಿಗಣಿಸಬಹುದು. 2022ರ ಮಾರ್ಗಸೂಚಿಯಂತೆ ಅವರು ಅರ್ಹರು. ಆದರೆ ಆ ಕಲಮಿನ ಗೆರೆ ಮುಟ್ಟಲು 101 ಕಿಲೊ ಬೇಕು. ವೈದ್ಯರ ಒಪ್ಪಿಗೆಗೂ ವಿಮೆಯ ಒಪ್ಪಿಗೆಗೂ ನಡುವೆ 11 ಕಿಲೊ ಅಂತರ. ಆ ಅಂತರ ತುಂಬಲು ತೂಕ ಏರಿಸಿಕೊಳ್ಳುವ ಯೋಚನೆ ಮಾತ್ರ ಯಾರಿಗೂ ಬೇಡ. ಏರುವ ಪ್ರತಿ ಕಿಲೊ ಸಕ್ಕರೆಯನ್ನೂ ಅರಿವಳಿಕೆಯ ಅಪಾಯವನ್ನೂ ಏರಿಸುತ್ತದೆ.

ಮಲೇಷಿಯಾದಲ್ಲಿರುವ ನಮಗೆ ಇದು ಪರರ ಸುದ್ದಿಯಲ್ಲ. ಈ ದೇಶದ 2019ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 18.3 ಜನರಿಗೆ ಸಕ್ಕರೆ ಕಾಯಿಲೆ ಕಂಡಿತು; ಭಾರತೀಯ ಮೂಲದವರಲ್ಲಿ ಅದು ಸುಮಾರು ಶೇ. 31. 2023ರ ಸಮೀಕ್ಷೆಯಲ್ಲಿ ವಯಸ್ಕರ ಅರ್ಧಕ್ಕಿಂತ ಹೆಚ್ಚು ಜನರ ತೂಕ ಮಿತಿ ಮೀರಿತ್ತು. ಸರ್ಕಾರ 2019ರ ಜುಲೈ 1ರಿಂದ ಸಿಹಿ ಪಾನೀಯಗಳ ಮೇಲೆ ಲೀಟರಿಗೆ 40 ಸೆನ್ ಸುಂಕ ಹಾಕಿತು, ಆಮೇಲೆ ಏರಿಸಿತು. ಆದರೆ ರಾತ್ರಿ ಪಾಳಿ ಮುಗಿಸಿ ಮಾಮಕ್ ಅಂಗಡಿಯಲ್ಲಿ ಕುಡಿಯುವ ತೆ ತಾರಿಕ್ ಆ ಸುಂಕದ ಲೆಕ್ಕದಲ್ಲಿ ಬರುವುದಿಲ್ಲ. ಅದರ ಲೆಕ್ಕ ನಾವೇ ಇಡಬೇಕು.

ಇಲ್ಲಿ ಚಿಕಿತ್ಸೆಗೆ ಕೊರತೆಯಿಲ್ಲ. ಮಲಾಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಂಥ ಬೋಧನಾ ಆಸ್ಪತ್ರೆಗಳಲ್ಲೂ ಖಾಸಗಿ ಆಸ್ಪತ್ರೆಗಳಲ್ಲೂ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಎದುರಿಗೆ ಕೂತ ವೈದ್ಯರು ಮಣಿಪಾಲದಲ್ಲಿ ಓದಿದವರಾಗಿದ್ದು "ಊಟ ಆಯ್ತಾ" ಎಂದು ಕೇಳಿದರೂ ಆಶ್ಚರ್ಯವಿಲ್ಲ. 1997ರಲ್ಲಿ ಮೆಲಕಾ ಮಣಿಪಾಲ ವೈದ್ಯಕೀಯ ಕಾಲೇಜು ಆರಂಭವಾಗುವ ಮೊದಲೇ ಇಲ್ಲಿನ ಎಷ್ಟೋ ಮಕ್ಕಳು ಕರಾವಳಿಗೆ ಓದಲು ಹೋಗಿದ್ದರು. ತೊಂದರೆ ಇರುವುದು ಖರ್ಚಿನಲ್ಲಿ. 2014ರ ಶುಲ್ಕ ಆದೇಶದ ನಂತರ ಸರ್ಕಾರಿ ಆಸ್ಪತ್ರೆಗಳಲ್ಲಿ ವಿದೇಶಿಯರಿಗೆ ಸಬ್ಸಿಡಿ ಇಲ್ಲ. ಕಂಪನಿಯ ಗುಂಪು ವಿಮೆಗಳು ತೂಕದ ಚಿಕಿತ್ಸೆಯನ್ನು ಹೊರಗಿಡುವುದೇ ಹೆಚ್ಚು. ಊರಿನ ಪಾಲಿಸಿಗಳು ಸಾಮಾನ್ಯವಾಗಿ ಭಾರತದೊಳಗಿನ ಚಿಕಿತ್ಸೆಗೆ ಮಾತ್ರ.

ಆದ್ದರಿಂದ ನಮ್ಮಲ್ಲಿ ಕೆಲವರು ಮೂರು ವಾರ ರಜೆ ಹಾಕಿ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಬರುವ ಯೋಚನೆಯಲ್ಲಿರುತ್ತಾರೆ. ಅವರಿಗೆ ನಾನು ಹೇಳುವುದು, ಇದನ್ನು ಒಂದೇ ಸಲದ ಬಂಡವಾಳ ವೆಚ್ಚವೆಂದು ಬರೆಯಬೇಡಿ. ಇದಕ್ಕೆ ಜೀವನಪೂರ್ತಿ ನಿರ್ವಹಣಾ ವೆಚ್ಚವಿದೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 150 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು 6 ಅಥವಾ ಅದಕ್ಕಿಂತ ಕೆಳಗೆ ತರುವ ಗುರಿಯನ್ನು ಒಂದು ವರ್ಷಕ್ಕೆ ಮುಟ್ಟಿದವರು ಬೈಪಾಸ್ ಆದವರಲ್ಲಿ ಶೇ. 42, ಬರೀ ಔಷಧಿಯವರಲ್ಲಿ ಶೇ. 12. ಐದು ವರ್ಷಕ್ಕೆ ಅದು ಶೇ. 29 ಮತ್ತು ಶೇ. 5 ಆಗಿತ್ತು. ಆಪರೇಷನ್ ಔಷಧಿಗಿಂತ ಮೇಲು, ಸಂಶಯವಿಲ್ಲ. ಆದರೆ ಕಾಯಿಲೆ ತಗ್ಗುತ್ತದೆ, ಅಳಿಸಿಹೋಗುವುದಿಲ್ಲ. ಸಕ್ಕರೆ ಸಹಜವಾದ ಮೇಲೂ ಕಣ್ಣು, ಮೂತ್ರಪಿಂಡ, ಪಾದಗಳ ವಾರ್ಷಿಕ ತಪಾಸಣೆ ನಿಲ್ಲಬಾರದು.

ಅಪಾಯದ ಮೊದಲ ಘಟ್ಟ ಆಪರೇಷನ್ ಆದ ಮೊದಲ ವಾರಗಳು. ಹಳೆಯ ಪ್ರಮಾಣದಲ್ಲೇ ಇನ್ಸುಲಿನ್ ಅಥವಾ ಕೆಲವು ಮಾತ್ರೆ ಮುಂದುವರಿಸಿದರೆ ಸಕ್ಕರೆ ಪ್ರಾಣಾಂತಿಕವಾಗಿ ಕುಸಿಯಬಹುದು. ಆದ್ದರಿಂದ ಸಕ್ಕರೆಯ ವೈದ್ಯರೂ ಶಸ್ತ್ರವೈದ್ಯರೂ ಒಬ್ಬರಿಗೊಬ್ಬರು ಮಾತಾಡಿರಬೇಕು. ಎರಡನೆಯದು ವರ್ಷಗಳ ಮೇಲೆ ಬರುವ ಕೊರತೆ: ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮತ್ತು ಬಿ12. ಬಿ12 ಮೈಗೆ ಹತ್ತಲು ಜಠರ ಬೇಕು; ಸಸ್ಯಾಹಾರಿಗೆ ಅದು ಮೊದಲೇ ಕಡಿಮೆ; ಮೆಟ್‌ಫಾರ್ಮಿನ್ ಅದನ್ನು ಇನ್ನಷ್ಟು ಇಳಿಸುತ್ತದೆ. ಮೂರೂ ಸೇರಿದರೆ ನರಗಳಿಗೆ ಹಾನಿ. ಕಾಲು ಜೋಮು ಹಿಡಿದರೆ ಸಕ್ಕರೆಯದೇ ಎಂದು ತಳ್ಳಿಹಾಕದೆ ರಕ್ತ ಪರೀಕ್ಷೆ ಮಾಡಿಸಿ.

ಹೊರನಾಡಿನವರಿಗೆ ಮೂರು ಮಾತು. ಊರಿನ ಆರೋಗ್ಯ ಪಾಲಿಸಿಯನ್ನು ಇಲ್ಲಿಗೆ ಬಂದ ಮೇಲೆ ಬಿಟ್ಟುಕೊಡಬೇಡಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯ ಗರಿಷ್ಠ ಮಿತಿಯನ್ನು 2024ರಲ್ಲಿ 48 ತಿಂಗಳಿನಿಂದ 36ಕ್ಕೆ ಇಳಿಸಿದ್ದಾರೆ. ಆದರೆ ಪಾಲಿಸಿ ಕಡಿದುಹೋದರೆ ಎಣಿಕೆ ಮೊದಲಿನಿಂದ ಶುರು. ಎರಡನೆಯದು, ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಕ್ಲೇಮು ಬಿದ್ದುಹೋಗಲು ಅದೊಂದೇ ಸಾಕು. ಮೂರನೆಯದು, ಕೆಲಸ ಹೋದರೆ ಪಾಸ್ ಹೋಗುತ್ತದೆ, ಪಾಸ್ ಹೋದರೆ ನಿಮ್ಮ ವೈದ್ಯರೂ ದೂರವಾಗುತ್ತಾರೆ. ಯಾವ ಬಗೆಯ ಆಪರೇಷನ್, ಎಷ್ಟು ಕರುಳು ಬದಿಗೆ ಸರಿದಿದೆ ಎಂಬ ಟಿಪ್ಪಣಿ ಪಾಸ್‌ಪೋರ್ಟಿನ ಜತೆಗೇ ಇರಲಿ.

ಕೊನೆಯದಾಗಿ ನಮ್ಮ ಮಾತಿನ ಬಗ್ಗೆ. ನಮ್ಮ ಕೂಟಗಳಲ್ಲಿ ದಪ್ಪಗಿರುವವರನ್ನು ಕಂಡರೆ "ಏನ್ರೀ, ಚೆನ್ನಾಗಿ ಸೊಂಪಾಗಿದ್ದೀರಿ" ಎಂದು ನಗುತ್ತೇವೆ. ಆಪರೇಷನ್ ಮಾಡಿಸಿಕೊಂಡರು ಎಂದರೆ "ಬಾಯಿ ಕಟ್ಟಲಾರದೆ ಹೊಟ್ಟೆ ಕತ್ತರಿಸಿಕೊಂಡರು" ಎನ್ನುತ್ತೇವೆ. ಅದಕ್ಕೇ ಎಷ್ಟೋ ಜನ ಗುಟ್ಟಾಗಿ ಮಾಡಿಸಿಕೊಂಡು, ಗುಟ್ಟಾಗಿಯೇ ತಪಾಸಣೆ ತಪ್ಪಿಸಿಕೊಳ್ಳುತ್ತಾರೆ. ಹಬ್ಬದೂಟದಲ್ಲಿ ಎರಡೇ ತುತ್ತು ಉಂಡು ಎದ್ದವರಿಗೆ ಮತ್ತೊಂದು ಹೋಳಿಗೆ ಹಾಕದಿರುವುದೂ ಒಂದು ಉಪಚಾರ.

35 ಎಂಬುದು ದೇವರು ಬರೆದ ಗೆರೆಯಲ್ಲ. ಒಂದು ಕಾಲದಲ್ಲಿ, ಒಂದು ಊರಿನಲ್ಲಿ, ಬೇರೆ ಮೈಕಟ್ಟಿನವರನ್ನು ನೋಡಿ ಮನುಷ್ಯರು ಎಳೆದದ್ದು. ವೈದ್ಯರು ಅದನ್ನು ತಿದ್ದಿಕೊಂಡಿದ್ದಾರೆ. ವಿಮೆಯ ಕಾಗದದಲ್ಲೂ ಅದು ತಿದ್ದುಪಡಿಯಾಗಬೇಕೆಂದು ಕೇಳಲು ನಮ್ಮಂಥ ಸಂಘಗಳಿಗೆ ಹಕ್ಕಿದೆ. ಮೈಸೂರಿನ ಆಸ್ಪತ್ರೆಯ ಹಳೆಯ ರಿಜಿಸ್ಟರು ನಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ.